ನಾಲ್ಕನೇ ಗೋದಾಮಿನ ಗೋಡೆ

ಶುಕ್ರವಾರ ಬೆಳಿಗ್ಗೆ ರಾಯಚೂರು ಬಿಟ್ಟ ರೈಲು ಕಾಚಿಗೂಡ ತಲುಪಿದಾಗ ಮಧ್ಯಾಹ್ನ ದಾಟಿತ್ತು. ಗದ್ವಾಲದ ನಂತರ ಡಬ್ಬಿಯ ಫ್ಯಾನು ನಿಂತುಹೋಯಿತು. ಕಟ್ಟಿಕೊಂಡಿದ್ದ ರೊಟ್ಟಿ ಕಾವಿಗೆ ಬೆವತು ಮೆತ್ತಗಾಗಿತ್ತು. ಚಾರ್ಮಿನಾರ್ ನೋಡಿದೆಯಾ ಎಂದು ಕೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ: ಇಲ್ಲ. ನಾನು ಹೋದದ್ದು ವಸಂತ ಕಾಕಾನ ನಕ್ಷೆಯಲ್ಲಿ ತಪ್ಪು ಹುಡುಕಲಿಕ್ಕೆ.

ಕಾಕಾ ಫೋನಿನಲ್ಲಿ ಹೇಳಿದ್ದಿಷ್ಟೇ: "ಚರ್ಚಾ ಮಾಡಿ ಕಪ್ ಗೆದ್ದಾಕಿ ನೀ. ಬಂದು ನನ್ನ ಕೂಡ ಜಗಳಾ ತಗಿ."

ಸ್ಟೇಷನ್ನಿನ ಹಿಂದಿನ ಗಲ್ಲಿಯಲ್ಲಿ ಅವರ ಮನೆ. ಮುಂದಿನ ಕೋಣೆಯ ಮಂಚ ಎತ್ತಿಟ್ಟು, ನೆಲದ ಮೇಲೆ ಎಂಟು ಅಡಿ ಉದ್ದದ ಕಂದು ಕಾಗದ ಹಾಸಿದ್ದರು. ಅದರ ಮೇಲೆ ಪೆನ್ಸಿಲಿನಲ್ಲಿ ಒಂದು ಬಂದರು: ನೀರಿನ ದಂಡೆ, ದಂಡೆಗುಂಟ ಹಳಿ, ಹಳಿಗೆ ಬೆನ್ನು ಹಚ್ಚಿ ನಿಲ್ಲಿಸಿದ ಹನ್ನೊಂದು ರಟ್ಟಿನ ಗೋದಾಮು. ಕಾಕಾ ಪ್ರಾಯದಲ್ಲಿ ಆಂಧ್ರದ ಕರಾವಳಿಯ ಒಂದು ಬಂದರಿನಲ್ಲಿ ಹಳಿ ಬದಲಿಸುವ ಲಿವರ್ ಎಳೆಯುತ್ತಿದ್ದರು. ವ್ಯಾಗನ್ನುಗಳಿಗೆ ಬಾವುಟ ತೋರಿಸುತ್ತಿದ್ದರು. ಆ ಗೋದಾಮುಗಳನ್ನು ಈಗ ಕೆಡವಿದ್ದಾರೆ. ಅವನ್ನೇ ಆಟಿಕೆ ರೈಲಿನ ಸುತ್ತ ಮತ್ತೆ ಎಬ್ಬಿಸಬೇಕೆಂದು ಹೊರಟಿದ್ದರು.

"ಚಂದ ಐತಿ. ಆದ್ರ ಯಾರಿಗ್ರಿ ಇದು?" ಎಂದೆ.

"ಐತವಾರ ಅಪ್ಪಲರಾಜುನ ಮಗಳು ಬರ್ತಾಳ."

ಹಮಾಲಿ ಅಪ್ಪಲರಾಜುವಿನ ಕಥೆ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಹಿಂದಕ್ಕೆ ಬರುತ್ತಿದ್ದ ವ್ಯಾಗನ್ ಅವನ ಮೇಲೆ ಹರಿಯಿತು, ಬಾವುಟ ಕಾಕಾನದು, ನಾಲ್ಕನೇ ಗೋದಾಮಿನ ಗೋಡೆ ಅಡ್ಡ ಬಂದು ಅವನು ಕಾಣಲಿಲ್ಲ. ಮಗಳು ಆಗ ತೊಟ್ಟಿಲಲ್ಲಿದ್ದಳು. ಅಪ್ಪ ಸತ್ತ ಜಾಗ ಹೇಗಿತ್ತೆಂದು ಒಮ್ಮೆ ನೋಡಬೇಕಂತೆ.

ಶನಿವಾರ ಕೋಠಿಗೆ ಹೋಗಿ, ಕಾಕಾ ಟ್ರಂಕಿನಲ್ಲಿಟ್ಟಿದ್ದ ಬಂದರಿನ ಹಳೆಯ ನಕ್ಷೆಯನ್ನು ದೊಡ್ಡದು ಮಾಡಿಸಿದೆವು. ಗೋದಾಮುಗಳ ಬಾಗಿಲು ಎಣಿಸಬೇಕಿತ್ತು. ಅಲ್ಲಿಂದ ಪ್ಲೈವುಡ್ ಕೊಯ್ಯಿಸಲು ನಾಚಾರಂ ಬಸ್ಸು ಹತ್ತಿದೆವು. ಹೆಂಗಸರಿಗೆ ಉಚಿತವೆಂದು ಆಧಾರ್ ಕಾರ್ಡ್ ಚಾಚಿದೆ.

"ಕರ್ನಾಟಕನಾ? ಟಿಕೆಟ್ ತೀಸ್ಕೋ ಅಮ್ಮಾ," ಎಂದರು ಕಂಡಕ್ಟರಮ್ಮ. ಉಚಿತ ಆ ರಾಜ್ಯದವರಿಗೆ ಮಾತ್ರ, ನಾನು ಟಿಕೆಟ್ ಕೊಳ್ಳಬೇಕು.

ನಾನು ವಾದಕ್ಕೆ ಬಾಯಿ ತೆರೆದೆ. "ಸುಮ್ಮ ಕೊಡ ತಂಗಿ, ಹಿಂದ ಪಾಳಿ ಐತಿ," ಎಂದು ಕಾಕಾ ಗದರಿದರು. ಸೋತು ರೊಕ್ಕ ಕೊಟ್ಟೆ. ಸಿಟ್ಟಿಗೆ ಬೇರೇನೂ ಸಿಗದೆ ಹಳೆಯ ನಕ್ಷೆ ಬಿಚ್ಚಿ ತೊಡೆಯ ಮೇಲೆ ಹರವಿಕೊಂಡೆ. ತಾರ್ನಾಕ ದಾಟುವಷ್ಟರಲ್ಲಿ ತಪ್ಪು ಸಿಕ್ಕಿತು.

ಆಟಿಕೆ ರೈಲಿನವರ ಪದ್ಧತಿ ಹೀಗಂತೆ: ಕಟ್ಟಡಗಳನ್ನು ಅಳತೆಗೆ ಸರಿಯಾಗಿ ಮಾಡುತ್ತಾರೆ, ಕಟ್ಟಡಗಳ ನಡುವಿನ ಜಾಗವನ್ನು ಮಾತ್ರ ಕೋಣೆಗೆ ತಕ್ಕಂತೆ ನುಂಗಿಹಾಕುತ್ತಾರೆ. ಈ ಬಂದರಿಗೆ ಹದಿನೈದು ಅಡಿ ಬೇಕು. ಕೋಣೆ ಎಂಟು ಅಡಿ. ಕಾಕಾ ಹಳಿಯನ್ನು ಬಗ್ಗಿಸಿದ್ದರು. ಬಗ್ಗಿದ ಹಳಿಯ ಜೊತೆಗೆ ನಾಲ್ಕನೇ ಗೋದಾಮೂ ಮುಂದೆ ಸರಿದಿತ್ತು.

ನಾಚಾರಂನ ಕಾರ್ಖಾನೆಯಲ್ಲಿ ಮರದ ಪುಡಿ ಮೂಗಿಗೆ ಅಡರುತ್ತಿತ್ತು. ಹಲಗೆಯ ಮೇಲೆ ಹಳೆಯ ನಕ್ಷೆಯನ್ನೂ ಅಳತೆಗೆಂದು ಸುತ್ತಿ ತಂದಿದ್ದ ಕಾಕಾನ ಕಂದು ಕಾಗದವನ್ನೂ ಹಾಸಿ, ದುಪಟ್ಟಾದ ಅಂಚಿನಿಂದ ಒಂದು ಎಳೆ ಕಿತ್ತು, ಕಾಕಾ ನಿಂತಿದ್ದ ಲಿವರಿನಿಂದ ಅಪ್ಪಲರಾಜು ಸತ್ತಲ್ಲಿ ಅವರೇ ಹಾಕಿದ್ದ ಗುರುತಿಗೆ ಎಳೆದು ಹಿಡಿದೆ. ಕಾಕಾನ ನಕ್ಷೆಯಲ್ಲಿ ಎಳೆ ಗೋಡೆಯನ್ನು ಕೊಯ್ದುಕೊಂಡು ಹೋಯಿತು. ಹಳೆಯದರಲ್ಲಿ ಯಾವ ಗೋಡೆಗೂ ತಾಗಲಿಲ್ಲ.

"ಕೋಣಿ ಸಣ್ಣದ ಐತಿ, ತಂಗಿ," ಎಂದರು ಕಾಕಾ.

"ಕೋಣಿ ಸಣ್ಣದಂತ ಮನಷ್ಯಾ ಕಾಣದಂಗ ಆಗ್ತಾನೇನ್ರಿ?"

ಗೆದ್ದ ಮಾತು ಅದು. ಬಾಯಿಂದ ಹೊರಬಿದ್ದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಬೇಕೆನಿಸಿತು.

ಗರಗಸದವನು ಕೈ ಸ್ವಿಚ್ಚಿನ ಮೇಲಿಟ್ಟು ಕೇಳಿದ, "ಕಾಟ್ನಾ ಕಿ ನಕ್ಕೊ, ಚಾಚಾ?" ಕೊಯ್ಯಲೋ ಬೇಡವೋ.

ಕಾಕಾ ಹಲಗೆಯ ಮೇಲೆ ಬಾಗಿದರು. ಆ ಎಳೆಯನ್ನೇ ನೋಡುತ್ತ ಹೇಳಿದರು: "ಕಂಡಿದ್ದ. ಹಳಿ ಮ್ಯಾಲ ಕುಂತು ಬೀಡಿ ಹಚ್ಚಾಕತ್ತಿದ್ದ. ದಿನಾ ಹಂಗs ಕೂಡಾಂವ, ವ್ಯಾಗನ್ ಸಪ್ಪಳ ಕೇಳಿ ಏಳಾಂವ. ಅವತ್ತೂ ಏಳ್ತಾನಂತ ಬಾವುಟ ಬೀಸಿದೆ. ಗಾಳಿ ಭಾಳ ಇತ್ತು." ನನ್ನ ಕಡೆ ತಿರುಗಿ, "ಈಗ ಹೇಳಿದ್ರ ಆಕಿಗೇನ್ ಸಿಗ್ತದ?" ಎಂದರು.

ಎರಡೂ ಪಕ್ಷಕ್ಕೆ ನಿಂತು ವಾದಿಸುವುದನ್ನು ನನಗೆ ಕಲಿಸಿದ್ದಾರೆ. ನಾನು ಎಳೆಯನ್ನು ಹಳೆಯ ನಕ್ಷೆಯ ಮೇಲೆ ಹಾಗೇ ಹಿಡಿದು ನಿಂತೆ.

ಆಮೇಲೆ ಕಾಕಾ ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಹಳೆಯ ನಕ್ಷೆಯಲ್ಲಿ ಐದನೇ ಗೋದಾಮಿನ ಪಕ್ಕ ಒಂದು ಗೆರೆ ಹೊಡೆದರು. ಅಲ್ಲಿಯವರೆಗೆ ಸರಿಯಾದ ಅಳತೆಯಲ್ಲೇ ಎಂಟು ಅಡಿಯೊಳಗೆ ಹಿಡಿಸುತ್ತಿತ್ತು. "ಉಳಿದ ಬಂದರ ಬ್ಯಾಡ. ಇಷ್ಟs ಮಾಡೋಣು," ಎಂದರು. ಗರಗಸ ಶುರುವಾಯಿತು.

ಭಾನುವಾರ ಎದ್ದಾಗ ಐದು ಗೋದಾಮು ಹಲಗೆಯ ಮೇಲೆ ನಿಂತಿದ್ದವು. ನೀರಿಗೆ ಇನ್ನೂ ಬಣ್ಣವಿರಲಿಲ್ಲ. ಲಿವರಿನ ಜಾಗದಲ್ಲೊಂದು, ಹಳಿಯ ಮೇಲೊಂದು ಗುಂಡುಸೂಜಿ ಚುಚ್ಚಿ, ನಡುವೆ ನನ್ನ ದುಪಟ್ಟಾದ ಎಳೆಯನ್ನು ಬಿಗಿದಿದ್ದರು.

"ಮಧ್ಯಾಹ್ನ ಆಕಿ ಬರೂತನಾ ಇರಲೇನ್ರಿ?" ಎಂದೆ.

"ಬ್ಯಾಡ. ನೀ ಇದ್ರ ನಾ ವಾದಾ ಮಾಡ್ತೀನಿ."

ಬೆಳಗಿನ ರೈಲಿಗೆ ಒಬ್ಬಳೇ ನಡೆದು ಹೋದೆ. ಕಾಚಿಗೂಡದಲ್ಲಿ ಹಿಂದಿನ ಡಬ್ಬಿಯ ಬಾಗಿಲಲ್ಲಿ ಗಾರ್ಡು ನಿಂತಿದ್ದರು. ಬಾವುಟ ಬಿಚ್ಚಿ, ಹಳಿಗುಂಟ ಒಮ್ಮೆ ನೋಡಿದರು. ಯಾರೋ ಓಡಿ ಬರುತ್ತಿದ್ದರು. ಬಾವುಟ ಇಳಿಸಿ, ಅವರು ಹತ್ತುವ ತನಕ ಕಾದು, ಮತ್ತೊಮ್ಮೆ ನೋಡಿ ಎತ್ತಿದರು. ಇಷ್ಟಕ್ಕೆ ಹಿಡಿದದ್ದು ಅರ್ಧ ನಿಮಿಷವೂ ಇಲ್ಲ.