ಶಿವವ್ವನ ಹೆಸರಿನೊಳಗಿನ ಶಿವ

ಕೋಣನಕುಂಟೆಯ ಆ ಅಪಾರ್ಟ್‌ಮೆಂಟಿನಲ್ಲಿ ಶಿವವ್ವ ನಾಲ್ಕು ವರ್ಷದಿಂದ ಮೂರು ಮನೆಗೆ ರೊಟ್ಟಿ ತಟ್ಟುತ್ತಾಳೆ. ಬಾಗಲಕೋಟೆ ಕಡೆಯವಳು. ಮಗಳು ವಿಜಯಲಕ್ಷ್ಮಿಗೆ ಬನಶಂಕರಿಯಲ್ಲಿ ಪಿಯುಸಿ ಸೀಟು ಸಿಕ್ಕಿತ್ತು. ಕಾಲೇಜಿನವರು ಬೆಳಿಗ್ಗೆ ಕೊಟ್ಟ ಅರ್ಜಿಗೆ ಅವ್ವನ ಸಹಿ ಹಾಕಿಸಿ ಮಧ್ಯಾಹ್ನ ಒಂದರೊಳಗೆ ವಾಪಸ್ ಕೊಡಬೇಕು. ತಪ್ಪಿದರೆ ಸೀಟು ಇನ್ನೊಬ್ಬರಿಗೆ.

ಹನ್ನೊಂದೂವರೆಗೆ ಕೆಲಸ ಮುಗಿಸಿ ಮಗಳಿದ್ದ ಕಾಲೇಜಿಗೆ ಹೊರಟ ಶಿವವ್ವ, ಹೊರಗೆ ಹೋಗಲು ಗೇಟಿನ ಮೆಷಿನ್ನಿಗೆ ಕಾರ್ಡು ಹಿಡಿದಳು. ಕೆಂಪು ದೀಪ. ಸೆರಗಿನಿಂದ ಒರೆಸಿ ಹಿಡಿದಳು. ಮತ್ತೆ ಕೆಂಪು.

ವಾಚ್‌ಮನ್ ಮಾಧವ ಫೋನು ನೋಡಿದ. "ಅಕ್ಕಾ, ನಲ್ಲಿ ಕದ್ದು ಸಿಕ್ಕಾಕೊಂಡ ಪ್ಲಂಬರ್ ಶಿವ ಇದ್ನಲ್ಲ, ಬೆಳಿಗ್ಗೆ ನೀವು ಒಳಗೆ ಬಂದ್ಮೇಲೆ ಅವನ ಹೆಸರು ಬ್ಲಾಕ್ ಮಾಡಿದ್ರು. ನಿಮ್ದೂ ಆಗೋಗಿದೆ."

"ನಾ ಏನ್ ಆ ಕಳ್ಳನ ಹೆಂಡ್ತಿ ಏನೋ?"

"ಅವನ ಹೆಸರು ನಿಮ್ ಹೆಸರೊಳಗೆ ಕೂತಿದೆಯಲ್ಲ!"

ಸೆಕ್ರೆಟರಿ ಸೋಮನಾಥ್ ಇಳಿದು ಬಂದರು. ಇಂಗ್ಲಿಷಿನ ದೊಡ್ಡ ಅಕ್ಷರದಲ್ಲಿದ್ದ ಅವಳ ಹೆಸರನ್ನು ತಮ್ಮ ಫೋನಿನಲ್ಲಿ ಸಣ್ಣ ಅಕ್ಷರದಲ್ಲಿ ಹೊಡೆದರು. ಕೆಂಪೇ. ಮೆಷಿನ್ನಿನ ಕಂಪನಿಗೆ ಫೋನ್ ಮಾಡಿ ಕೇಳಿದರು.

"ದೊಡ್ಡಕ್ಷರ ಸಣ್ಣಕ್ಷರ ಎಲ್ಲಾ ಅದಕ್ಕೆ ಒಂದೇ ಅಂತಮ್ಮ. ಹೆಸರಲ್ಲಿ ಎಲ್ಲೇ ಶಿವ ಸಿಕ್ಕಿದ್ರೂ ಹಿಡ್ಕೊಳ್ಳುತ್ತೆ. ಬ್ಲಾಕ್ ಮಾಡೋದು ನಮ್ ಕೈಲಿದೆ, ಬಿಡಿಸೋದು ಅವರ ಕೈಲಿ. ಸಾಯಂಕಾಲ ಆಗುತ್ತಂತೆ. ಶಿವ ತೆಗೆದು ನೋಡ್ಲಾ?"

"ಶಿವನ್ನ ತಗದ್ರ ಉಳಿಯೂದೇನ್ರಿ ಸಾಹೇಬ್ರ? ಬರೇ ವ್ವ!"

ಮಾಧವ ನಕ್ಕ. ಸೋಮನಾಥ್ ಹಾಗೇ ಹೊಡೆದು ನೋಡಿದರು; ಅಂಥ ಹೆಸರನ್ನು ಮೆಷಿನ್ ತೆಗೆದುಕೊಳ್ಳಲಿಲ್ಲ. ಶಿವವ್ವನಿಗೆ ನಗು ಬರಲಿಲ್ಲ. "ಕಾರಿನ ಗೇಟಿಂದ ಬಿಟ್ಟುಬಿಡ್ರಿ."

"ಕಾರ್ಡ್ ತೋರಿಸ್ದೆ ಹೋದೋರು ನಾಳೆಯಿಂದ ಕೆಲಸಕ್ಕೆ ಬರೋ ಹಾಗಿಲ್ಲ. ನಾನೇ ಮಾಡಿದ ರೂಲು, ನಾನೇ ಮುರಿದ್ರೆ ಹೇಗಮ್ಮ?" ಎಂದು ಸೋಮನಾಥ್ ಲಿಫ್ಟಿನ ಕಡೆ ನಡೆದರು.

ಹೊರಗೆ ಹೋದರೆ ಮೂರು ಮನೆ ಹೋಗುತ್ತವೆ. ನಿಂತರೆ ಮಗಳ ಸೀಟು. ಶಿವವ್ವ ಗೇಟಿನ ಸರಳು ಹಿಡಿದುಕೊಂಡು ಮಗಳಿಗೆ ಫೋನ್ ಮಾಡಿದಳು. "ಅರ್ಜಿ ಇಲ್ಲಿಗೇ ತಗೊಂಬಾ."

ಹನ್ನೆರಡೂವರೆಗೆ ವಿಜಯಲಕ್ಷ್ಮಿ ಆಟೋದಲ್ಲಿ ಬಂದಳು. ಸರಳಿನ ಸಂದಿಯಿಂದ ಹಾಳೆ ಒಳಗೆ ಬಂತು. ಮಾಧವ ತಾನಾಗಿಯೇ ಬೆನ್ನು ಬಗ್ಗಿಸಿದ. ಶಿವವ್ವ ಅವನ ಬೆನ್ನ ಮೇಲೆ ಹಾಳೆ ಇಟ್ಟಳು.

"ಯವ್ವಾ, ಲಗೂನ ಬರೀಬೇ!"

ಅವಳಿಗೆ ಅವಸರದಲ್ಲಿ ಬರೆಯಲು ಬರುತ್ತಿರಲಿಲ್ಲ. ಒಂದೊಂದೇ ಅಕ್ಷರ ತಿದ್ದಿದಳು. ಮಗಳು ಹಾಳೆ ಕಿತ್ತುಕೊಂಡು ಕಾಯುತ್ತಿದ್ದ ಆಟೋಗೆ ಓಡಿದಳು.

ಒಂದಕ್ಕೆ ಎರಡು ನಿಮಿಷ ಇರುವಾಗ ಫೋನು ಬಂತು.

"ತಗೊಂಡ್ರಬೇ! ಸೀಟ್ ನಂದ ಆತು. ನೀ ಇನ್ನೂ ಒಳಗ ಅದೀಯೇನ?"

"ಹ್ಞೂಂ, ಒಳಗ ಅದೀನಿ" ಎಂದಳು ಶಿವವ್ವ. "ನೀ ಹೋಗಿ ಉಣ್ಣು."