ಹೆಪ್ಪು ಹಾಕಿದ ಇನ್ಸುಲಿನ್

“ತೆಲಂಗಾಣ ಬಂದ್‌ನಲ್ಲಿ ಔಷಧ ಸಿಗದೆ ಆ ಮುದುಕಿ ಸಾಯುವ ಹಂತಕ್ಕೆ ಹೋಗಿದ್ದಳು.” ನಾರಾಯಣಖೇಡದ ನಮ್ಮ ಓಣಿಯಲ್ಲಿ ನನ್ನ ಅಕ್ಕನ ವಿಷಯವಾಗಿ ಇಂದಿಗೂ ಹೀಗೆಯೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಪ್ರತ್ಯೇಕ ರಾಜ್ಯದ ಚಳವಳಿಯ ಆ ದಿನಗಳಲ್ಲಿ ಬಸ್ಸುಗಳು ನಿಂತಿದ್ದವು, ನಿಜ. ನಮ್ಮ ಊರಿನ ಔಷಧದಂಗಡಿಯನ್ನು ಯಾರೂ ಮುಚ್ಚಿಸಿರಲಿಲ್ಲ.

ನಮ್ಮ ಮನೆಯಲ್ಲೇ ಇದ್ದ ಅಕ್ಕನಿಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಶುರುವಾದಾಗ ಸೀಸೆಯನ್ನು ದೂರ ಸರಿಸಿ, “ಇದು ಹಂದೀದು ಅಂತಾರಲ್ಲೋ ತಮ್ಮಾ?” ಎಂದಳು. ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟು, ಸಿಕ್ಕ ಪುಸ್ತಕಗಳಿಂದ ಕಲಿತ ನನಗೆ ವಿವರಿಸುವ ಹುಮ್ಮಸ್ಸು. ಕ್ಯಾಲೆಂಡರ್ ಹಾಳೆಯ ಹಿಂದೆ ಚಿತ್ರ ಬರೆದೆ.

“ಇದನ್ನ ಮಾಡೋದು ಬ್ಯಾಕ್ಟೀರಿಯಾ, ಅಕ್ಕಾ. ಮೊಸರಿಗೆ ಹೆಪ್ಪು ಹಾಕಿದಂಗ. ಅವು ಒಂದಕ್ಕೊಂದು ಸುದ್ದಿ ಮುಟ್ಟಿಸ್ತಾವ. ಸಾಕಷ್ಟು ಮಂದಿ ಕೂಡಿದ ಮ್ಯಾಲೆ ಎಲ್ಲಾ ಒಮ್ಮೆಲೇ ಕೆಲಸಕ್ಕ ಹತ್ತೋ ಹಂಗ ಈಗ ಅವನ್ನ ತಿದ್ದಾಕತ್ತಾರ.”

“ನಮ್ಮ ಬಂದ್ ಇದ್ದಂಗಾತು ಬಿಡು!” ಅಕ್ಕ ನಕ್ಕು ತೋಳು ಚಾಚಿದಳು. ಹಾಳೆಯನ್ನು ತನ್ನ ಪೆಟ್ಟಿಗೆಯಲ್ಲಿಟ್ಟುಕೊಂಡಳು.

ಮುಂದೊಂದು ಬಂದ್‌ನಲ್ಲಿ ನಾನು ಮೂರು ದಿನ ತಾಂಡೂರಿನಲ್ಲಿ ಸಿಕ್ಕಿಕೊಂಡೆ. ಕೊನೆಗೆ ಕರಣಕೋಟದ ಸಿಮೆಂಟ್ ಲಾರಿ ಹತ್ತಿ ಮರಳಿದಾಗ ಅಕ್ಕ ಗೋಡೆಗೊರಗಿ ಏದುಸಿರು ಬಿಡುತ್ತಿದ್ದಳು. ಬಾಯಿಂದ ಕೊಳೆತ ಹಣ್ಣಿನ ವಾಸನೆ. ಅವಳು ಎಂದಿನಂತೆ ತಾನೇ ಚುಚ್ಚಿಕೊಂಡಿರುತ್ತಾಳೆಂದು ನನ್ನ ಹೆಂಡತಿ ನಂಬಿದ್ದಳು.

“ಸೂಜಿ ಹಾಕ್ಕೊಂಡಿಲ್ಲೇನು?”

ಅಕ್ಕ ಒಲೆಯ ಪಕ್ಕದ ಗಡಿಗೆಯತ್ತ ಕೈ ತೋರಿಸಿದಳು. ಮುಚ್ಚಳ ತೆಗೆದೆ. ಒಡೆದ ಹಾಲು, ಅದರ ಮೇಲೆ ಬೂಷ್ಟು. ಪಕ್ಕದಲ್ಲಿ ಖಾಲಿ ಸೀಸೆ.

“ಬಂದ್‌ನಾಗ ನಿನಗ್ಯಾಕ ತರೋ ತ್ರಾಸು ಅಂತ ಉಳಿದ ಅರ್ಧ ಸೀಸೆ ಹಾಲಿಗೆ ಹೆಪ್ಪು ಹಾಕೀನೋ ತಮ್ಮಾ. ಇನ್ನಾ ಮಂದಿ ಕೂಡಿಲ್ಲ ಕಾಣಸ್ತದ. ಆದ ಮ್ಯಾಲೆ ಚುಚ್ಕೋತೀನಿ.”

ಸೀಸೆಯಲ್ಲಿ ಜೀವಂತ ಬ್ಯಾಕ್ಟೀರಿಯಾ ಇರುವುದೇ ಇಲ್ಲ; ಅವು ಮಾಡಿಕೊಟ್ಟ ಪ್ರೋಟೀನನ್ನು ಬೇರ್ಪಡಿಸಿ, ಶುದ್ಧಗೊಳಿಸಿ ತುಂಬಿರುತ್ತಾರೆ. ಅಷ್ಟೆಲ್ಲ ವಿವರಿಸಿದ್ದ ನಾನು ಆ ಒಂದು ಮಾತು ಹೇಳಿರಲಿಲ್ಲ.

ಬಂದ್ ನಡೆಸುತ್ತಿದ್ದವರೇ ರಸ್ತೆಯ ಕಲ್ಲು ಸರಿಸಿ ನಾವು ಹಿಡಿದ ಬಾಡಿಗೆ ಜೀಪಿಗೆ ದಾರಿ ಬಿಟ್ಟರು. ಜಹೀರಾಬಾದಿನ ಆಸ್ಪತ್ರೆಯಲ್ಲಿ ಅಕ್ಕ ಬದುಕಿಕೊಂಡಳು.

ಆ ಹಾಳೆ ಇನ್ನೂ ಅವಳ ಪೆಟ್ಟಿಗೆಯಲ್ಲಿದೆ. ಬಂದ್ ಮೇಲೆ ತಪ್ಪು ಹೊರಿಸುವವರು ಬಂದು ನೋಡಲಿ: ನಡುವೆ ಒಂದು ಗಡಿಗೆ, ಅದರ ಕೆಳಗೆ “ಹೆಪ್ಪು ಹಾಕಿದಂತೆ” ಎಂಬ ಬರಹ. ಅಕ್ಷರ ನನ್ನದು.