ಬೇವಿನ ನೆರಳಲ್ಲಿ ಗೊರಕೆ

ಗೆಳತಿಯರೇ, ಇವತ್ತು ಮುಂಜಾನೆ ರಾಮದುರ್ಗದ ನಮ್ಮ ಓಣಿಗೆ ಮರ ಕೊಯ್ಯುವ ಮಷೀನು ಬಂದಾಗ ನಾನು ಕೈಕೆಲಸ ಬಿಟ್ಟು ಹೊರಗೋಡಿದೆ. ನಮ್ಮ ಮನೆಗೂ ಪಕ್ಕದ ಮನೆಗೂ ನಡುವಿನ ಬೇವಿನ ಮರ ಕಡಿಸಲು ಆ ಮನೆಯ ಬಸಪ್ಪ ಕಾಕಾ ಆಳುಗಳನ್ನು ಕರೆಸಿದ್ದರು. ಬೇರು ಹೊಕ್ಕು ಅವರ ಗೋಡೆ ಬಿರುಕು ಬಿಟ್ಟಿರುವುದು ನಿಜ.

ಆದರೆ ಸವದತ್ತಿ ರಸ್ತೆಯಲ್ಲಿ ತಾವು ಕೂತಿದ್ದ ಟೆಂಪೊ ಪಲ್ಟಿಯಾದಾಗಿನಿಂದ ನಮ್ಮ ಮನೆಯವರಿಗೆ ಮನೆಯೊಳಗೆ ಕಣ್ಣು ಹತ್ತುವುದಿಲ್ಲ. ಗುಳಿಗೆ ನುಂಗಿದರೂ ಬೆಚ್ಚಿ ಏಳುತ್ತಾರೆ. ಮುಂಜಾನೆ ಆ ಮರದ ಕೆಳಗೆ ಹಗ್ಗದ ಹೊರಸು ಹಾಕಿಕೊಟ್ಟರೆ ಮಾತ್ರ ಎಲೆ ಅಲ್ಲಾಡುವುದನ್ನು ನೋಡುತ್ತಾ ನಿದ್ದೆ ಹೋಗುತ್ತಾರೆ.

"ಕಾಕಾ, ಇವರು ಸ್ವಲ್ಪ ಸುಧಾರಿಸೂತನಕ ಬಿಡ್ರಿ," ಎಂದೆ.

"ನನ್ನ ಗೋಡಿ ಬಿದ್ರ ಯಾರವ್ವಾ ಕಟ್ಟಿಸಿ ಕೊಡಾವ್ರು?"

ಅಷ್ಟರಲ್ಲಿ ಮಷೀನು ಹಿಡಿದವನು ಮರದ ಆಚೆ ಹೋಗಿ ತಿರುಗಿ ಬಂದ. "ಯಜಮಾನ್ರ, ಅಲ್ಲೊಬ್ರು ಗೊರಕಿ ಹೊಡಿಯಾಕತ್ತಾರ. ಎಬ್ಬಿಸ್ರಿ."

ಕಾಕಾ ತಾವೇ ಹೋದರು. ಭುಜ ಅಲುಗಿಸಲು ಬಗ್ಗಿದವರು ಹಾಗೇ ನಿಂತುಬಿಟ್ಟರು. ಅಪಘಾತದ ದಿನ ಇವರನ್ನು ಆಸ್ಪತ್ರೆಗೆ ಹೊತ್ತೊಯ್ದವರೂ ಅವರೇ. ಕೊನೆಗೆ ಆಳುಗಳ ಕಡೆ ತಿರುಗಿ ಪಿಸುಗುಟ್ಟಿದರು: "ಮಲಗ್ಯಾನ. ಈಗ ಬ್ಯಾಡ. ನಾಳಿ ಬರ್ರಿ."

ಇವತ್ತಿಗೆ ಮರ ಉಳಿಯಿತು. ನಾಳೆಯೂ ಅದೇ ಹೊತ್ತಿಗೆ ಇವರಿಗೆ ಗೊರಕೆ ಬರಲಿ ಎಂದು ಹರಸಿರಿ. ಬಾರದಿದ್ದರೆ ಆ ಹೊರಸಿನ ಮೇಲೆ ನಾನೇ ಮಲಗಿ ಗೊರಕೆ ಹೊಡೆಯಬೇಕಾದೀತು.